ಚಿಮಣಿಯ ಮೀಟರ್ ಏನನ್ನು ಅಳೆಯುತ್ತದೆ? ಹೊಗೆಯ ವಿಡಿಯೊ ಫಾರ್ವರ್ಡ್ ಮಾಡುವ ಮುನ್ನ ಓದಿ

ಹೊಸಪೇಟೆಯಿಂದ ಬಳ್ಳಾರಿ ಕಡೆ ಹೊರಟು ಪಾಪಿನಾಯಕನಹಳ್ಳಿ ದಾಟಿದರೆ ಮುಂದೆ ಚಿಮಣಿಗಳು ಒಂದೊಂದಾಗಿ ಕಾಣಿಸತೊಡಗುತ್ತವೆ. ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯೂ ಉಕ್ಕಿನ ಕಾರ್ಖಾನೆ, ಅಲ್ಲೇ 860 ಮೆಗಾವ್ಯಾಟ್‌ನ ವಿದ್ಯುತ್ ಸ್ಥಾವರ. ಇನ್ನೂ ಮುಂದೆ ಕುಡತಿನಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ 1,700 ಮೆಗಾವ್ಯಾಟ್‌ನ ಬಳ್ಳಾರಿ ಶಾಖೋತ್ಪನ್ನ ಕೇಂದ್ರ, ಜನರ ಬಾಯಲ್ಲಿ ಬಿಟಿಪಿಎಸ್. ನಡುವೆ ಸ್ಪಂಜ್ ಐರನ್ ಘಟಕಗಳು, ಅದಿರು ಹೊತ್ತ ಲಾರಿಗಳು.

ಈ ಭಾಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇದ್ದೀರೆಂದರೆ ಎರಡು ಬಗೆಯ ಸಂದೇಶ ನಿಮಗೂ ಬಂದಿರುತ್ತದೆ. ಒಂದು, ದಪ್ಪ ಬಿಳಿ ಮೋಡ ಉಗುಳುತ್ತಿರುವ ಗೋಪುರದ ವಿಡಿಯೊ, ಕೆಳಗೆ ‘ನೋಡಿ ಎಷ್ಟು ವಿಷ’ ಎಂಬ ಸಾಲು. ಇನ್ನೊಂದು ಇದರ ತದ್ವಿರುದ್ಧ: ಚಿಮಣಿಗೆ ಸರ್ಕಾರ ಮೀಟರ್ ಹಾಕಿಸಿದೆ, ಲೆಕ್ಕ ನೇರವಾಗಿ ದೆಹಲಿಗೆ ಹೋಗುತ್ತದೆ, ಹಾಗಾಗಿ ಕಳ್ಳಾಟ ಸಾಧ್ಯವೇ ಇಲ್ಲ ಎಂಬ ಭರವಸೆ. ಎರಡರಲ್ಲೂ ಸ್ವಲ್ಪ ನಿಜ ಇದೆ, ಸ್ವಲ್ಪ ಇಲ್ಲ. ಮೀಟರ್ ಇರುವುದು ನಿಜ. ಅದು ಏನನ್ನು ನೋಡುತ್ತದೆ, ಯಾವುದಕ್ಕೆ ಕುರುಡು ಅನ್ನುವುದು ಗೊತ್ತಿದ್ದರೆ ಊರಿನವರು ಕೊಡುವ ದೂರಿಗೆ ತೂಕ ಬರುತ್ತದೆ. ಗೊತ್ತಿಲ್ಲದಿದ್ದರೆ ‘ಅದು ಬರೀ ಹಬೆ ಕಣ್ರೀ’ ಎಂಬ ಒಂದೇ ಮಾತಿಗೆ ದೂರು ಬಿದ್ದುಹೋಗುತ್ತದೆ.

ಮೊದಲು ಆ ಬಿಳಿ ಮೋಡದ ವಿಷಯ

ಬಾಯಿ ಅಗಲ, ಸೊಂಟ ಸಣ್ಣ, ದೈತ್ಯ ಡಮರುಗದಂತಿರುವ ಗೋಪುರಗಳನ್ನು ವಿಡಿಯೊಗಳಲ್ಲಿ ನೋಡಿರುತ್ತೀರಿ. ಅವು ಚಿಮಣಿಗಳಲ್ಲ, ಕೂಲಿಂಗ್ ಟವರ್‌ಗಳು. ಟರ್ಬೈನ್ ದಾಟಿ ಬಂದ ಹಬೆಯನ್ನು ಮತ್ತೆ ನೀರು ಮಾಡಲು ಬಳಸಿದ ನೀರು ಬಿಸಿಯಾಗುತ್ತದಲ್ಲ, ಅದನ್ನು ತಣಿಸುವ ಜಾಗ ಅದು. ಮೇಲೆ ಹೋಗುವುದು ನೀರಾವಿ. ಕಲ್ಲಿದ್ದಲಿನ ಹೊಗೆ ಆ ಗೋಪುರಕ್ಕೆ ಬರುವುದೇ ಇಲ್ಲ, ಅದು ಹೋಗುವುದು ಪಕ್ಕದಲ್ಲಿ ಕೋಲಿನಂತೆ ನಿಂತ ತೆಳ್ಳನೆಯ ಎತ್ತರದ ಚಿಮಣಿಯಿಂದ. 500 ಮೆಗಾವ್ಯಾಟ್ ಅಥವಾ ಅದಕ್ಕಿಂತ ದೊಡ್ಡ ಘಟಕಕ್ಕೆ ಈ ಚಿಮಣಿ 275 ಮೀಟರ್ ಎತ್ತರ ಇರಬೇಕೆಂಬುದು ಹಳೆಯ ನಿಯಮ.

ತಮಾಷೆ ಏನೆಂದರೆ ಆ ತೆಳ್ಳನೆಯ ಚಿಮಣಿಯಿಂದ ಬಹಳ ಸಲ ಏನೂ ಬರುತ್ತಿಲ್ಲವೆಂದೇ ಕಾಣುತ್ತದೆ. ಗಂಧಕದ ಡೈಆಕ್ಸೈಡ್‌ಗೆ ಬಣ್ಣವಿಲ್ಲ. ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕಿಳಿಯುವ ಅತಿ ಸಣ್ಣ ಕಣಗಳು ಒಂದೊಂದಾಗಿ ಕಣ್ಣಿಗೆ ಬೀಳುವುದಿಲ್ಲ. ಭಯಂಕರವಾಗಿ ಕಾಣುವುದು ನೀರಾವಿ, ಕಾಣದೇ ಹೋಗುವುದು ಅಳೆಯಬೇಕಾದದ್ದು. ಅದಕ್ಕೇ ಮೀಟರ್ ಬೇಕಾಯಿತು.

ಮೀಟರ್ ಬಂದದ್ದು ಹೇಗೆ

ಮೊದಲೆಲ್ಲ ಚಿಮಣಿಯ ಪರೀಕ್ಷೆ ಎಂದರೆ ತಂತ್ರಜ್ಞರು ಚಿಮಣಿಗೆ ಅಂಟಿದ ಏಣಿ ಹತ್ತಿ, ಕೊಳವೆಯೊಂದನ್ನು ಒಳಗೆ ತೂರಿ, ಹೊಗೆಯನ್ನು ಅದು ಹರಿಯುವ ವೇಗದಲ್ಲೇ ಎಳೆದು, ಫಿಲ್ಟರ್‌ನಲ್ಲಿ ಕೂತ ಬೂದಿಯನ್ನು ತೂಗುವುದು. ವಿಧಾನ ಒಳ್ಳೆಯದೇ. ಆದರೆ ಕೆಲವು ತಿಂಗಳಿಗೊಮ್ಮೆ ಒಂದೆರಡು ಗಂಟೆ ಮಾತ್ರ. ಉಳಿದ ಹಗಲು ರಾತ್ರಿಗಳ ಲೆಕ್ಕ ಯಾರ ಬಳಿಯೂ ಇರುತ್ತಿರಲಿಲ್ಲ.

ಇಂಥ ತಪಾಸಣೆ ಎಷ್ಟು ಹಾದಿ ತಪ್ಪಬಹುದು ಎಂಬುದಕ್ಕೆ ಗುಜರಾತಿನ ಒಂದು ಅಧ್ಯಯನ ಇದೆ. ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ ಮತ್ತು ನಿಕೋಲಸ್ ರಯಾನ್ 2013ರಲ್ಲಿ ಪ್ರಕಟಿಸಿದ್ದು. ಕಾರ್ಖಾನೆಗಳೇ ಹಣ ಕೊಟ್ಟು ನೇಮಿಸಿಕೊಂಡ ಲೆಕ್ಕಪರಿಶೋಧಕರ ವರದಿ ಪ್ರಕಾರ ಹೊಗೆಯ ಕಣಗಳ ಮಿತಿ ಮೀರಿದ ಕಾರ್ಖಾನೆಗಳು 7 ಪ್ರತಿಶತ. ಸಂಶೋಧಕರು ಮತ್ತೆ ಅಳೆಸಿದಾಗ ಸಿಕ್ಕಿದ್ದು 59 ಪ್ರತಿಶತ. ಪರಿಶೋಧಕರನ್ನು ಚೀಟಿ ಎತ್ತಿದಂತೆ ಹಂಚಿ, ಅವರ ಸಂಬಳವನ್ನು ಬೇರೆ ನಿಧಿಯಿಂದ ಕೊಟ್ಟು, ಕೆಲವನ್ನು ಮರುಪರೀಕ್ಷೆ ಮಾಡಿಸಿದಾಗ ವರದಿಗಳು ಸರಿಯಾದವು. ಕಾರ್ಖಾನೆಗಳು ಬಿಡುವ ಹೊಗೆಯೂ ಕಡಿಮೆಯಾಯಿತು.

2014ರ ಫೆಬ್ರವರಿ 5ರಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಎಲ್ಲ ರಾಜ್ಯ ಮಂಡಳಿಗಳಿಗೆ ಒಂದು ನಿರ್ದೇಶನ ಕೊಟ್ಟಿತು: ಅತಿ ಹೆಚ್ಚು ಮಾಲಿನ್ಯ ಮಾಡುವ 17 ವರ್ಗದ ಉದ್ಯಮಗಳು ತಮ್ಮ ಹೊಗೆ ಮತ್ತು ತ್ಯಾಜ್ಯನೀರನ್ನು ಸತತವಾಗಿ ಅಳೆಯುವ ಯಂತ್ರ ಹಾಕಿಕೊಳ್ಳಬೇಕು, ಅಂಕಿಗಳನ್ನು ಆನ್‌ಲೈನ್ ಕಳಿಸಬೇಕು. ಶಾಖೋತ್ಪನ್ನ ಸ್ಥಾವರಗಳು, ಉಕ್ಕಿನ ಕಾರ್ಖಾನೆಗಳು ಆ ಪಟ್ಟಿಯಲ್ಲಿವೆ. ಇದನ್ನೇ ಒಸಿಇಎಂಎಸ್ ಎನ್ನುತ್ತಾರೆ. ಹೆಸರು ಉದ್ದ, ಕೆಲಸ ಮಾತ್ರ ಸರಳ: ಹೊಗೆಯ ದಾರಿಯಲ್ಲೇ ಕೂತು ಇಪ್ಪತ್ನಾಲ್ಕು ಗಂಟೆ ಅಳೆಯುವುದು, 15 ನಿಮಿಷದ ಸರಾಸರಿಯನ್ನು ಮಂಡಳಿಯ ಸರ್ವರ್‌ಗೆ ಕಳಿಸುವುದು.

ಒಳಗೆ ನಡೆಯುವುದೇನು

ಹಂಚಿನ ಮನೆಯಲ್ಲಿ ಸಂದಿಯಿಂದ ಬಿಸಿಲು ಕೋಲಿನಂತೆ ಇಳಿದಾಗ ಅದರೊಳಗೆ ಧೂಳಿನ ಕಣಗಳು ಕುಣಿಯುವುದು ಕಾಣುತ್ತದೆ. ಧೂಳಿನ ಮೀಟರ್ ಮಾಡುವುದು ಹೆಚ್ಚುಕಡಿಮೆ ಅದನ್ನೇ. ಚಿಮಣಿಯ ಒಂದು ಬದಿಯಿಂದ ಬೆಳಕು ಬಿಡುತ್ತದೆ, ಎಷ್ಟು ಬೆಳಕು ಚೆದುರಿತು ಅಥವಾ ಎಷ್ಟು ಮಂಕಾಯಿತು ಎಂದು ನೋಡುತ್ತದೆ. ಅನಿಲಗಳ ವಿಷಯದಲ್ಲಿ ಪ್ರತಿ ಅನಿಲವೂ ಬೆಳಕಿನ ತನ್ನದೇ ಒಂದು ಭಾಗವನ್ನು ನುಂಗುತ್ತದೆ. ಯಾವ ಭಾಗ ಎಷ್ಟು ಕಡಿಮೆಯಾಯಿತು ಎಂದು ನೋಡಿ ಗಂಧಕದ ಡೈಆಕ್ಸೈಡ್ ಎಷ್ಟು, ಸಾರಜನಕದ ಆಕ್ಸೈಡ್ ಎಷ್ಟು ಎಂದು ಹೇಳಬಹುದು. ಕೆಲವು ಯಂತ್ರಗಳು ಹೊಗೆಯನ್ನು ಬಿಸಿಮಾಡಿದ ಕೊಳವೆಯಲ್ಲಿ ಕೆಳಗೆ ಎಳೆದುಕೊಂಡು ಅಳೆಯುತ್ತವೆ. ಕೊಳವೆ ತಣ್ಣಗಾದರೆ ಒಳಗೆ ನೀರು ಕಟ್ಟಿ ಗಂಧಕದ ಅನಿಲ ಅದರಲ್ಲೇ ಕರಗಿಹೋಗುತ್ತದೆ, ಮೀಟರ್ ಕಡಿಮೆ ತೋರಿಸುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಧೂಳಿನ ಮೀಟರ್ ಧೂಳನ್ನು ತೂಗುವುದಿಲ್ಲ, ಬೆಳಕನ್ನು ನೋಡಿ ಅಂದಾಜು ಮಾಡುತ್ತದೆ. ಇಷ್ಟು ಬೆಳಕು ಚೆದುರಿದರೆ ಇಷ್ಟು ಮಿಲಿಗ್ರಾಂ ಎಂದು ಅದಕ್ಕೆ ಯಾರೋ ಕಲಿಸಿಕೊಟ್ಟಿರಬೇಕು. ಕಲಿಸುವುದು ಅದೇ ಹಳೆಯ, ಏಣಿ ಹತ್ತಿ ಫಿಲ್ಟರ್ ತೂಗುವ ವಿಧಾನದಿಂದ. ಕಲ್ಲಿದ್ದಲು ಬದಲಾಗಿ ಬೂದಿಯ ಕಣದ ಗಾತ್ರ ಬದಲಾದರೆ, ಅಥವಾ ಗಾಜಿನ ಮೇಲೆ ಮಸಿ ಕೂತರೆ, ಕಲಿತ ಪಾಠ ತಪ್ಪಾಗುತ್ತದೆ. ಹಾಗಾಗಿ ಯಂತ್ರ ಕೊಂಡು ಹಾಕಿದರೆ ಕೆಲಸ ಮುಗಿಯಲಿಲ್ಲ. ಅದನ್ನು ಆಗಾಗ ಶೂನ್ಯಕ್ಕೆ ತಂದು, ಗೊತ್ತಿರುವ ಅನಿಲ ಕೊಟ್ಟು ಪರೀಕ್ಷಿಸುತ್ತಲೇ ಇರಬೇಕು. ತಕ್ಕಡಿಗೆ ಮುದ್ರೆ ಹಾಕಿಸುವಂತೆ.

ಇನ್ನೊಂದು ಸೂಕ್ಷ್ಮ ಮಜ್ಜಿಗೆಯದು. ಮಜ್ಜಿಗೆಗೆ ನೀರು ಬೆರೆಸಿದರೆ ಲೋಟದಲ್ಲಿ ಮೊಸರಿನ ಅಂಶ ಕಡಿಮೆ, ಪಾತ್ರೆಯಲ್ಲಿ ಇದ್ದಷ್ಟೇ. ಚಿಮಣಿಗೆ ಹೊರಗಿನ ಗಾಳಿ ಸೇರಿದರೂ ಹಾಗೇ, ಪ್ರತಿ ಘನಮೀಟರ್‌ನಲ್ಲಿ ಧೂಳು ಕಡಿಮೆ ಕಾಣುತ್ತದೆ. ಅದಕ್ಕೇ ಆಮ್ಲಜನಕವನ್ನೂ ಅಳೆದು ಲೆಕ್ಕ ಸರಿಪಡಿಸಬೇಕು. ಕಲ್ಲಿದ್ದಲು ಸ್ಥಾವರಕ್ಕೆ 6 ಪ್ರತಿಶತ ಆಮ್ಲಜನಕ ಎಂದು ಆಧಾರ ಇಟ್ಟುಕೊಳ್ಳುತ್ತಾರೆ. ಮೀಟರ್ 40 ತೋರಿಸುತ್ತಿದೆ, ಆದರೆ ಹೊಗೆಯಲ್ಲಿ ಆಮ್ಲಜನಕ 13.5 ಪ್ರತಿಶತ ಇದೆ ಎಂದುಕೊಳ್ಳಿ. 21ರಿಂದ 6 ಕಳೆದರೆ 15, 21ರಿಂದ 13.5 ಕಳೆದರೆ 7.5. ಭಾಗಿಸಿದರೆ ಎರಡು ಪಟ್ಟು. ಆ 40 ನಿಜಕ್ಕೂ 80. ಬೋರ್ಡಿನ ಫೋಟೊದಲ್ಲಿ ಆಮ್ಲಜನಕದ ಅಂಕಿ ಇದೆಯೇ, ಅಥವಾ ಸಂಖ್ಯೆ ಸರಿಪಡಿಸಿದ್ದೇ ಎಂದು ನೋಡಬೇಕಾದದ್ದು ಇದಕ್ಕೆ.

ಎಷ್ಟು ಬಿಡಬಹುದು?

2015ಕ್ಕೆ ಮೊದಲು ಗಂಧಕದ ಡೈಆಕ್ಸೈಡ್‌ಗೆ ಚಿಮಣಿಯಲ್ಲಿ ಇಂತಿಷ್ಟೇ ಎಂಬ ಮಿತಿಯೇ ಇರಲಿಲ್ಲ, ಚಿಮಣಿ ಎತ್ತರ ಇದ್ದರೆ ಸಾಕಿತ್ತು. ಆ ವರ್ಷ ಡಿಸೆಂಬರ್ 7ರಂದು ಪರಿಸರ ಸಚಿವಾಲಯ ಹೊಸ ಮಿತಿಗಳನ್ನು ಹೊರಡಿಸಿತು. ಘಟಕ ಶುರುವಾದ ಕಾಲ ಮತ್ತು ಗಾತ್ರ ನೋಡಿ ಮಿತಿ ಬೇರೆ ಬೇರೆ. ಕುಡತಿನಿಯ ಮೂರು ಘಟಕಗಳು, ಅಂದರೆ 500ರ ಎರಡು ಮತ್ತು 700ರ ಒಂದು, 2004ರಿಂದ 2016ರ ಗುಂಪಿಗೆ ಸೇರುತ್ತವೆ. ಆ ಗುಂಪಿಗೆ ಪ್ರತಿ ಘನಮೀಟರ್‌ಗೆ ಕಣಗಳು 50 ಮಿಲಿಗ್ರಾಂ, ಆ ಗಾತ್ರಕ್ಕೆ ಗಂಧಕದ ಡೈಆಕ್ಸೈಡ್ 200. ಸಾರಜನಕದ ಆಕ್ಸೈಡ್‌ಗೆ ಮೊದಲು 300 ಇದ್ದದ್ದನ್ನು 2020ರಲ್ಲಿ 450ಕ್ಕೆ ಸಡಿಲಿಸಿದರು. ತೋರಣಗಲ್ಲಿನ ಸ್ಥಾವರದಲ್ಲಿ 130 ಮೆಗಾವ್ಯಾಟ್‌ನ ಎರಡು ಹಳೆಯ ಘಟಕಗಳು, 300ರ ಎರಡು ಹೊಸವು ಇವೆ. 2003ರೊಳಗೆ ಶುರುವಾದವಕ್ಕೆ ಕಣಗಳ ಮಿತಿ 100, ಆಮೇಲಿನವಕ್ಕೆ 50, 500 ಮೆಗಾವ್ಯಾಟ್‌ಗಿಂತ ಚಿಕ್ಕವಾದ್ದರಿಂದ ಗಂಧಕಕ್ಕೆ 600. ಒಂದೇ ರಸ್ತೆ, ಒಂದೇ ಗಾಳಿ, ಮಿತಿ ಮಾತ್ರ ಹಲವು.

ಗಂಧಕದ ಮಿತಿಯ ಕತೆ ಅಲ್ಲಿಗೇ ನಿಲ್ಲಲಿಲ್ಲ. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆಯೇ, ಆದರೂ ಹೊಗೆಯಿಂದ ಗಂಧಕ ತೆಗೆಯುವ ಎಫ್‌ಜಿಡಿ ಘಟಕ ಇಲ್ಲದೆ 200ಕ್ಕೆ ಇಳಿಯುವುದು ಕಷ್ಟ. ಮೊದಲು ಎರಡು ವರ್ಷದ ಗಡುವು ಕೊಟ್ಟರು, ಆಮೇಲೆ ಮುಂದೂಡಿದರು, ಮತ್ತೆ ಮುಂದೂಡಿದರು. 2025ರ ಜುಲೈ 11ರ ಅಧಿಸೂಚನೆಯಲ್ಲಿ ದೊಡ್ಡ ನಗರಗಳಿಂದ ಮತ್ತು ಗುರುತಿಸಿದ ಮಲಿನ ಪ್ರದೇಶಗಳಿಂದ ದೂರ ಇರುವ ‘ಸಿ’ ವರ್ಗದ ಸ್ಥಾವರಗಳಿಗೆ, ಚಿಮಣಿಯ ಎತ್ತರದ ನಿಯಮ ಪಾಲಿಸಿದರೆ ಈ ಮಿತಿಯಿಂದಲೇ ವಿನಾಯಿತಿ ಕೊಟ್ಟರು. ದೇಶದ ಬಹುಪಾಲು ಸ್ಥಾವರಗಳು ಇರುವುದು ಆ ವರ್ಗದಲ್ಲೇ. ಹತ್ತು ವರ್ಷ ಸುತ್ತಿ ಮತ್ತೆ ಚಿಮಣಿಯ ಎತ್ತರಕ್ಕೇ ಬಂದು ನಿಂತಂತಾಯಿತು. ಮೀಟರ್ ಅಳೆಯುತ್ತದೆ ನಿಜ, ಅಳೆದದ್ದನ್ನು ಯಾವುದರ ಜೊತೆ ಹೋಲಿಸಬೇಕು ಅನ್ನುವುದನ್ನು ತೀರ್ಮಾನಿಸುವವರು ಬೇರೆ.

‘ಮಿತಿಗಿಂತ 800 ಪಟ್ಟು!’ ನಿಜವೇ?

ಇದು ಸುಲಭವಾಗಿ ಆಗುವ ಗೊಂದಲ. ನಾವು ಉಸಿರಾಡುವ ಗಾಳಿಯಲ್ಲಿ ಪಿಎಂ 2.5 ಎಂಬ ಸಣ್ಣ ಕಣಗಳಿಗೆ ದೇಶದ ಮಿತಿ 24 ಗಂಟೆಯ ಸರಾಸರಿಯಲ್ಲಿ 60. ಚಿಮಣಿಯ ಮಿತಿ 50. ಹಾಗಾದರೆ ಚಿಮಣಿಯೊಳಗಿನ ಹೊಗೆ ನಮ್ಮ ಗಾಳಿಗಿಂತ ಶುದ್ಧವೇ? ಅಲ್ಲ. ಗಾಳಿಯ 60 ಮೈಕ್ರೊಗ್ರಾಂ, ಚಿಮಣಿಯ 50 ಮಿಲಿಗ್ರಾಂ. ಒಂದು ಮಿಲಿಗ್ರಾಂ ಅಂದರೆ ಸಾವಿರ ಮೈಕ್ರೊಗ್ರಾಂ. ಇಷ್ಟು ತಿಳಿದ ಕೆಲವರು 50,000ವನ್ನು 60ರಿಂದ ಭಾಗಿಸಿ ‘ಮಿತಿಗಿಂತ 800 ಪಟ್ಟು ವಿಷ’ ಎಂದು ಬರೆದುಬಿಡುತ್ತಾರೆ. ಅದೂ ಸರಿಯಲ್ಲ. ಚಿಮಣಿಯೊಳಗಿನ ಹೊಗೆಯನ್ನು ಯಾರೂ ನೇರವಾಗಿ ಉಸಿರಾಡುವುದಿಲ್ಲ, ನೆಲಕ್ಕೆ ಬರುವಷ್ಟರಲ್ಲಿ ಅದು ಬಹಳ ತೆಳುವಾಗಿರುತ್ತದೆ. ಅಲ್ಲದೆ ಚಿಮಣಿಯಲ್ಲಿ ಅಳೆಯುವುದು ಎಲ್ಲ ಗಾತ್ರದ ಕಣಗಳನ್ನು.

ಫೋನಿನ ಆ್ಯಪ್‌ನಲ್ಲಿ ಕಾಣುವ ಎಕ್ಯೂಐ ಇನ್ನೂ ಬೇರೆ, ಅದಕ್ಕೆ ತೂಕದ ಅಳತೆಯೇ ಇಲ್ಲ, ಅದು ಹಲವು ಮಾಲಿನ್ಯಗಳನ್ನು ನೋಡಿ ಕೊಡುವ ಅಂಕ. ಆ್ಯಪ್‌ನ 50 ಒಳ್ಳೆಯ ಗಾಳಿ. ಚಿಮಣಿಯ 50ಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗೆಂದು ‘ಎತ್ತರಕ್ಕೆ ಹೋಗಿ ಕರಗಿಹೋಗುತ್ತದೆ, ಊರಿಗೇನೂ ಆಗಲ್ಲ’ ಎಂಬ ಸಮಾಧಾನವೂ ಅರ್ಧ ಸತ್ಯ. 500 ಮೆಗಾವ್ಯಾಟ್‌ನ ಒಂದು ಘಟಕ ಪೂರ್ತಿ ಓಡುವಾಗ ಗಂಟೆಗೆ ಸುಮಾರು 20 ಲಕ್ಷ ಘನಮೀಟರ್ ಹೊಗೆ ಬರುತ್ತದೆ ಎಂದು ಲೆಕ್ಕ ಹಿಡಿಯಬಹುದು. ಪ್ರತಿ ಘನಮೀಟರ್‌ನಲ್ಲಿ 50 ಮಿಲಿಗ್ರಾಂ ಅಂದರೆ ಗಂಟೆಗೆ 100 ಕಿಲೊ, ದಿನಕ್ಕೆ 2,400 ಕಿಲೊ ಕಣಗಳು. ಇದು ಮಿತಿಯೊಳಗೇ ಇರುವ ಲೆಕ್ಕ! ಎತ್ತರದ ಚಿಮಣಿ ಅದನ್ನು ಹತ್ತಿರದ ಊರಿನ ಮೇಲೆ ಬೀಳದಂತೆ ದೂರ ಹಂಚುತ್ತದೆ. ಗಂಧಕದ ಡೈಆಕ್ಸೈಡ್ ದಾರಿಯಲ್ಲೇ ಸಲ್ಫೇಟ್ ಎಂಬ ಸಣ್ಣ ಕಣಗಳಾಗಿ ಮಾರ್ಪಟ್ಟು ನೂರಾರು ಕಿಲೊಮೀಟರ್ ಸಾಗಬಲ್ಲದು.

ತುಳಸಿಕಟ್ಟೆಯ ಮೇಲಿನ ಧೂಳು ಎಲ್ಲಿಂದ?

ಪಾಪಿನಾಯಕನಹಳ್ಳಿಯಂಥ ಊರಿಗೆ ಮುಖ್ಯವಾದ ಪ್ರಶ್ನೆ ಇದು. ಒಣಹಾಕಿದ ಬಟ್ಟೆಯ ಮೇಲೆ, ಬೆಳೆಯ ಎಲೆಯ ಮೇಲೆ ಕೂರುವ ಧೂಳನ್ನು ಬೆರಳಿನಲ್ಲಿ ಒರೆಸಿ ನೋಡಿ. ಕೆಂಪಾಗಿದ್ದರೆ ಹೆಚ್ಚಾಗಿ ಕಬ್ಬಿಣದ ಅದಿರು ಅಥವಾ ಮಣ್ಣು: ಲಾರಿ, ರೈಲ್ವೆ ಸೈಡಿಂಗ್, ರಸ್ತೆ. ಬೂದು ಬಣ್ಣವಾಗಿದ್ದರೆ ಹಾರುಬೂದಿ ಇರಬಹುದು. ಅದು ಚಿಮಣಿಯಿಂದಲೇ ಬರಬೇಕೆಂದಿಲ್ಲ, ಬೂದಿ ಹೊಂಡ ಒಣಗಿದಾಗ ಗಾಳಿಗೆ ಏಳುತ್ತದೆ, ಮುಚ್ಚದ ಬೂದಿ ಲಾರಿಯಿಂದಲೂ ಬೀಳುತ್ತದೆ. ಕಪ್ಪಾಗಿದ್ದರೆ ಕಲ್ಲಿದ್ದಲ ಪುಡಿ ಅಥವಾ ಮಸಿ. ಬಣ್ಣ ನೋಡಿ ಹೇಳುವುದು ಊಹೆ ಅಷ್ಟೇ, ಪ್ರಯೋಗಾಲಯದ ಮಾತಲ್ಲ. ಆದರೆ ಎಲ್ಲಿಂದ ಹುಡುಕಲು ಶುರು ಮಾಡಬೇಕು ಎಂಬುದಕ್ಕೆ ಸಾಕು.

ಇದರಲ್ಲಿ ಯಾವುದನ್ನೂ ಚಿಮಣಿಯ ಮೀಟರ್ ನೋಡುವುದಿಲ್ಲ. ಅದಿರಿನ ರಸ್ತೆ, ಕಲ್ಲಿದ್ದಲ ರಾಶಿ, ಬೂದಿ ಹೊಂಡ ಎಲ್ಲವೂ ಅದರ ಕಣ್ಣಿನಿಂದ ಹೊರಗೆ. ಮೀಟರ್ ಹಸಿರು ತೋರಿಸುತ್ತಿದೆ ಎಂದರೆ ನಿಮ್ಮ ಅಂಗಳದ ಧೂಳು ಸುಳ್ಳು ಎಂದಲ್ಲ.

ಸ್ಪಂಜ್ ಐರನ್ ಘಟಕಗಳಲ್ಲಿ ಇನ್ನೂ ಒಂದು ಕುರುಡು ಜಾಗ ಇದೆ. ಅಲ್ಲಿ ಕುಲುಮೆಯ ಹೊಗೆ ಧೂಳು ಹಿಡಿಯುವ ಇಎಸ್‌ಪಿ ಯಂತ್ರದ ಮೂಲಕ ಹಾದು ಮುಖ್ಯ ಚಿಮಣಿಗೆ ಹೋಗಬೇಕು. ಒತ್ತಡ ಏರಿದರೆ, ಕರೆಂಟು ಹೋದರೆ ಅನಾಹುತ ಆಗದಿರಲೆಂದು ನಡುವೆ ಒಂದು ತುರ್ತು ಮುಚ್ಚಳ ಇರುತ್ತದೆ. ಅದು ತೆರೆದಾಗ ಹೊಗೆ ಇಎಸ್‌ಪಿಗೂ ಹೋಗುವುದಿಲ್ಲ, ಮೀಟರ್ ಇರುವ ಚಿಮಣಿಗೂ ಹೋಗುವುದಿಲ್ಲ, ಸೀದಾ ಆಕಾಶಕ್ಕೆ. ಊರು ಕಪ್ಪು ಹೊಗೆ ನೋಡುತ್ತಿರುವಾಗ ಮೀಟರ್‌ನಲ್ಲಿ ಅಂಕಿ ಕೆಳಗಿಳಿದಿರಲೂ ಸಾಧ್ಯ.

ಮೀಟರನ್ನು ನಂಬಬಹುದೇ?

ಯಂತ್ರ ಕಾರ್ಖಾನೆಯದ್ದು, ಅದನ್ನು ನೋಡಿಕೊಳ್ಳುವವರಿಗೆ ಹಣ ಕೊಡುವುದೂ ಕಾರ್ಖಾನೆ. ಚೀನಾದಲ್ಲಿ 2014ರ ಜುಲೈನಲ್ಲಿ ಕಠಿಣ ಮಿತಿ ಜಾರಿಯಾದಾಗ ವಿದ್ಯುತ್ ಸ್ಥಾವರಗಳ ಮೀಟರ್‌ಗಳಲ್ಲಿ ಗಂಧಕದ ಡೈಆಕ್ಸೈಡ್ 13.9 ಪ್ರತಿಶತ ಇಳಿದಿತ್ತು. ವ್ಯಾಲರಿ ಕಾರ್ಪ್ಲಸ್ ಮತ್ತು ಸಂಗಡಿಗರು ಅದನ್ನು ಉಪಗ್ರಹದ ಅಳತೆಯ ಜೊತೆ ಇಟ್ಟು ನೋಡಿ 2018ರಲ್ಲಿ ಪ್ರಕಟಿಸಿದರು. ಮಿತಿ ಸಡಿಲ ಇದ್ದ ಕಡೆ ಎರಡೂ ಹೊಂದಿಕೊಂಡವು. ಮಿತಿ ಅತಿ ಬಿಗಿ ಇದ್ದ ಪ್ರದೇಶಗಳಲ್ಲಿ ಮೀಟರ್ ಹೇಳಿದ ಇಳಿಕೆ ಉಪಗ್ರಹಕ್ಕೆ ಕಾಣಲಿಲ್ಲ. ಇದು ಬಳ್ಳಾರಿಯ ಯಾವ ಸ್ಥಾವರದ ಬಗ್ಗೆಯೂ ಆರೋಪವಲ್ಲ. ಮೀಟರ್ ಇದ್ದರೆ ಪರೀಕ್ಷೆ ಬೇಡ ಎನ್ನುವುದು ತಪ್ಪು ಎಂದಷ್ಟೇ.

ಮೀಟರ್ ಸರಿಯಾಗಿ ಬಳಸಿದರೆ ಲಾಭ ಇದೆ ಎಂಬುದಕ್ಕೆ ಸೂರತ್ ಸಾಕ್ಷಿ. ಅಲ್ಲಿ 2019ರಿಂದ ಕಾರ್ಖಾನೆಗಳಿಗೆ ಮೀಟರ್ ಅಂಕಿಯ ಆಧಾರದ ಮೇಲೆ ಹೊಗೆಯ ಕಣಗಳ ಪಾಲು ಹಂಚಿ, ಹೆಚ್ಚು ಬಿಡುವವರು ಕಡಿಮೆ ಬಿಡುವವರಿಂದ ಕೊಳ್ಳುವ ವ್ಯವಸ್ಥೆ ಮಾಡಿದರು. ಆ ಕಾರ್ಖಾನೆಗಳ ಹೊಗೆಯ ಕಣ 20ರಿಂದ 30 ಪ್ರತಿಶತ ಇಳಿಯಿತು.

ಅಂಕಿಗಳು ಕೈಗೆ ಸಿಕ್ಕರೆ ನೋಡಬೇಕಾದದ್ದು ದೊಡ್ಡ ಸಂಖ್ಯೆಗಳನ್ನಲ್ಲ, ವಿಚಿತ್ರ ಸಂಖ್ಯೆಗಳನ್ನು. ಗಂಟೆಗಟ್ಟಲೆ 42.0, 42.0, 42.0 ಎಂದು ಅಲುಗಾಡದ ಗೆರೆ ಇದ್ದರೆ ಅನುಮಾನಿಸಿ, ಕಲ್ಲಿದ್ದಲು ಉರಿಯುವಾಗ ಹೊಗೆ ಅಷ್ಟು ಶಿಸ್ತಿನಲ್ಲಿ ಬರುವುದಿಲ್ಲ. ಘಟಕ ನಿಂತ ದಿನವೂ ಎಂದಿನ ಅಂಕಿ ಬಂದಿದ್ದರೆ ಅನುಮಾನಿಸಿ. ಊರಿನವರು ಹೊಗೆ ಕಂಡ ಹೊತ್ತಿಗೇ ಅಂಕಿ ಮಾಯವಾಗಿದ್ದರೆ ಕಾರಣ ಕೇಳಿ. ಮಂಡಳಿಯ ಮಾರ್ಗಸೂಚಿಯಂತೆ ಕನಿಷ್ಠ 85 ಪ್ರತಿಶತ ಸಮಯದ ಅಂಕಿ ಇರಬೇಕು. ಅಂದರೆ ಇಡೀ ತಿಂಗಳಲ್ಲಿ 108 ಗಂಟೆಯ ಲೆಕ್ಕ ಇಲ್ಲದಿದ್ದರೂ ಕಾಗದದ ಮೇಲೆ ಸರಿ. ನನಗಂತೂ ಇದು ತೀರಾ ಉದಾರ ಅನ್ನಿಸುತ್ತದೆ.

ಹಾಗಾದರೆ ವಿಡಿಯೊ ಇದ್ದರೆ ಏನು ಮಾಡುವುದು?

ಗುಂಪಿಗೆ ಕಳಿಸಿ, ಬೇಡ ಎನ್ನುವುದಿಲ್ಲ. ಆದರೆ ದಿನಾಂಕ, ಶುರುವಾದ ಹೊತ್ತು, ನಿಂತ ಹೊತ್ತು, ಯಾವ ಊರಿನ ಯಾವ ಕಡೆಯಿಂದ ತೆಗೆದದ್ದು, ಎಡದಿಂದ ಎಷ್ಟನೇ ಚಿಮಣಿ ಎಂದು ಜೊತೆಗೇ ಬರೆಯಿರಿ. ಚೌಕಟ್ಟಿನಲ್ಲಿ ಕದಲದ ಒಂದು ಗುರುತು ಇರಲಿ, ನೀರಿನ ಟ್ಯಾಂಕೋ ವಿದ್ಯುತ್ ಕಂಬವೋ. ಗುಂಪಿನಿಂದ ಗುಂಪಿಗೆ ಹೋದ ವಿಡಿಯೊದಲ್ಲಿ ತೆಗೆದ ಸಮಯದ ಮಾಹಿತಿ ಸಾಮಾನ್ಯವಾಗಿ ಉಳಿಯುವುದಿಲ್ಲ, ಹಾಗಾಗಿ ಮೂಲ ಫೈಲ್ ಅಳಿಸಬೇಡಿ.

15 ನಿಮಿಷಕ್ಕೊಂದು ಅಂಕಿ ಇರುವ ವ್ಯವಸ್ಥೆಯ ಎದುರು ‘ದಿನಾ ರಾತ್ರಿ ಹೊಗೆ ಬಿಡ್ತಾರೆ’ ಎಂಬ ದೂರು ನಿಲ್ಲುವುದಿಲ್ಲ. ‘ಇಂಥ ದಿನ ರಾತ್ರಿ 1.15ರಿಂದ 2.40ರವರೆಗೆ’ ಎಂಬುದು ನಿಲ್ಲುತ್ತದೆ. ಈ ಅಂಕಿಗಳನ್ನು ರಾಜ್ಯ ಮಂಡಳಿಗಳು ತಮ್ಮ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕೆಂದು ಸುಪ್ರೀಂ ಕೋರ್ಟ್ 2017ರ ಫೆಬ್ರವರಿ 22ರ ಆದೇಶದಲ್ಲೇ ಹೇಳಿದೆ. ಅಲ್ಲಿ ಬೇಕಾದದ್ದು ಸಿಗದಿದ್ದರೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಅಷ್ಟು ಸಾಕು: ಕಾರ್ಖಾನೆಯ ಹೆಸರು, ಚಿಮಣಿ, ದಿನಾಂಕ, ಆ ಹೊತ್ತಿನ ಹಿಂದೆ ಮುಂದೆ ಆರಾರು ಗಂಟೆಯ 15 ನಿಮಿಷದ ಸರಾಸರಿಗಳು, ಜೊತೆಗೆ ಆಮ್ಲಜನಕದ ಅಂಕಿ ಮತ್ತು ಆ ಮೀಟರನ್ನು ಕೊನೆಯ ಬಾರಿ ಪರೀಕ್ಷಿಸಿದ ವರದಿಯ ಪ್ರತಿ.